ದಾಖಲೆಯಲ್ಲಿರುವ ನಮ್ಮ ಹೆಸರು



ಜೂನ್ ಒಂದನೇ ತಾರೀಖು ಹುಟ್ಟಿದವರು ಕೈ ಎತ್ತಿ ಅಂದರೆ ಇಲ್ಲಿ ಅರ್ಧ ಪೆಂಡಾಲೇ ಕೈ ಎತ್ತೀತು. ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟ್ರು ಅಂದಾಜಿನಲ್ಲಿ ಬರೆದರು. ಅವರ ಮೇಲೆ ದೂರಿಲ್ಲ. ಹಾಗೆ ಬರೆಯದಿದ್ದರೆ ಎಷ್ಟೋ ಮಕ್ಕಳು ಶಾಲೆಗೇ ಸೇರುತ್ತಿರಲಿಲ್ಲ. ಆದರೆ ದಾಖಲಾತಿ ಪುಸ್ತಕದ ಆ ಒಂದು ಸಾಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಪಾಸ್‌ಪೋರ್ಟಿಗೆ, ನೌಕರಿಯ ಸೇವಾ ಪುಸ್ತಕಕ್ಕೆ ಹೋಗುತ್ತದೆ. ನಿವೃತ್ತಿಯ ದಿನವನ್ನೂ ಅದೇ ಹೇಳುತ್ತದೆ.

ನಾನು ಸಾಫ್ಟ್‌ವೇರ್ ಕೆಲಸದವನು. ಕಂಪ್ಯೂಟರಿಗೆ ಮನುಷ್ಯನ ಗುರುತಿಲ್ಲ, ಅಕ್ಷರ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಪಹಣಿಯಲ್ಲಿ ಹನುಮಂತಪ್ಪ, ಆಧಾರ್‌ನಲ್ಲಿ ಹನುಮಂತರಾಯಪ್ಪ, ಬ್ಯಾಂಕಿನಲ್ಲಿ ಹನುಮಂತು ಎಂದಿದ್ದರೆ ಊರಿಗೆ ಒಬ್ಬರೇ, ಕಂಪ್ಯೂಟರಿಗೆ ಮೂವರು. ಪಾವಗಡದಲ್ಲಂತೂ ಎಷ್ಟೋ ಮನೆಗಳ ಮಾತು ತೆಲುಗು, ಪಹಣಿ ಕನ್ನಡ, ಬ್ಯಾಂಕು ಇಂಗ್ಲಿಷು. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಇನಿಷಿಯಲ್ಲೂ ಬದಲು.

ಅದೇ ತಾಲ್ಲೂಕಿನ ತಿರುಮಣಿ, ವಳ್ಳೂರು ಕಡೆ ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಜಮೀನು ಗುತ್ತಿಗೆಗೆ ಹೋಯಿತು. ಇಂಥ ಹಣಕ್ಕೆ ಆಧಾರ ಪಹಣಿಯ ಹೆಸರು. ತೀರಿಹೋದ ತಾತನ ಹೆಸರಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಆಗಬೇಕು. ಹಕ್ಕು ಬದಲಾವಣೆಯ ಆದೇಶ ಒಪ್ಪಿಗೆಯಾಗದಿದ್ದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನವರು ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹಾಕಬಹುದು.

ತಪ್ಪನ್ನು ತಿದ್ದಿಸಿಕೊಳ್ಳುವುದು ಯಾರದೋ ದಯೆಯಲ್ಲ, ಕಾನೂನಿನಲ್ಲಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ನನಗೆ ಬಹಳ ಇಷ್ಟ. ತಪ್ಪು ರುಜುವಾತಾದರೆ ಮೂಲ ಬರಹವನ್ನು ಮುಟ್ಟದೆ, ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ಒಳ್ಳೆಯ ಸಾಫ್ಟ್‌ವೇರಿನಲ್ಲಿ ನಾವು ಮಾಡುವುದೂ ಇದನ್ನೇ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ತಾರೀಖನ್ನು ಒಂದೇ ಸಲ ಬದಲಿಸಲು ಅವಕಾಶ. ಯಾರೋ ಹೇಳಿದರೆಂದು ಅವಸರದಲ್ಲಿ ಆ ಒಂದು ಸಲವನ್ನು ಕಳೆದುಕೊಳ್ಳಬೇಡಿ. ರಾಜ್ಯ ಸರ್ಕಾರಿ ನೌಕರಿಗೆ ಸೇರಿದವರು ವಯಸ್ಸಿನ ತಿದ್ದುಪಡಿಗೆ ಮೂರು ವರ್ಷದೊಳಗೆ ಅರ್ಜಿ ಕೊಡಬೇಕೆಂದು 1974ರ ಕಾಯ್ದೆ ಹೇಳುತ್ತದೆ. ಮಾಹಿತಿ ಹಕ್ಕಿನಲ್ಲಿ ದಾಖಲೆಯ ನಕಲು ಸಿಗುತ್ತದೆ, ತಿದ್ದುಪಡಿ ಸಿಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ.

ಎಲ್ಲಕ್ಕಿಂತ ಮುಖ್ಯ, ಬೇರಿನಿಂದ ಶುರು ಮಾಡಿ. ಮೊದಲು ಜನನ ಪ್ರಮಾಣಪತ್ರ, ಆಮೇಲೆ ಶಾಲೆಯ ಪುಸ್ತಕ, ನಂತರ ಉಳಿದದ್ದು. ಹತ್ತನೇ ತರಗತಿಯ ಮಕ್ಕಳೇ, ಪರೀಕ್ಷೆಯ ಅರ್ಜಿಗೆ ಸಹಿ ಹಾಕುವ ಮೊದಲು ನಿಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ತಾರೀಖು ಮೂರನ್ನೂ ಓದಿ. ಅಂಕಪಟ್ಟಿ ಬಂದ ಮೇಲೆ ತಾರೀಖು ತಿದ್ದಿಸಲು ಸಿವಿಲ್ ಕೋರ್ಟಿಗೆ ಅಲೆದವರಿದ್ದಾರೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ತಾರೀಖಿನ ಪುರಾವೆ ಜನನ ಪ್ರಮಾಣಪತ್ರವೇ. ಜೂನ್ ಒಂದರ ಕಾಲ ಮುಗಿಯುತ್ತಾ ಬಂತು.

ಊಟವಾದ ಮೇಲೆ ಹತ್ತನೇ ತರಗತಿ ಕೋಣೆಯಲ್ಲಿ ಕೂತಿರುತ್ತೇನೆ. ಪಹಣಿ, ಆಧಾರ್, ಅಂಕಪಟ್ಟಿ ಏನಿದ್ದರೂ ತನ್ನಿ, ಅಕ್ಷರ ಅಕ್ಷರ ಹೋಲಿಸಿ ನೋಡೋಣ.