ಕಾಲ ಸಂದಿಯಲ್ಲಿ ನುಸುಳಿದ ಚೆಂಡು

ಇವತ್ತು ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ಅಮೆರಿಕದ ಬಾಸ್ಟನ್ ರೆಡ್ ಸಾಕ್ಸ್ ತಂಡದ ಕಥೆ. ಆಟ ಗೊತ್ತಿಲ್ಲ ಅಂತ ಚಾನೆಲ್ ಬದಲಿಸಬೇಡಿ, ಇದು ನಮ್ಮ ಟಿವಿಯವರ ಕಥೆಯೂ ಹೌದು.

1918ರಲ್ಲಿ ಈ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ ತನ್ನ ದೊಡ್ಡ ತಾರೆ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ಟಿತು. ಅಲ್ಲಿಂದ ಕಪ್ ಕೈಗೆ ಬರಲೇ ಇಲ್ಲ. ಶಾಪ ಅಂದರು ಜನ.

1986ರ ಅಕ್ಟೋಬರ್ 25. ಎದುರಾಳಿ ನ್ಯೂಯಾರ್ಕ್ ಮೆಟ್ಸ್. ಏಳು ಪಂದ್ಯಗಳ ಫೈನಲ್‌ನಲ್ಲಿ ಬಾಸ್ಟನ್ 3-2ರಿಂದ ಮುಂದೆ. ಆರನೇ ಪಂದ್ಯ, ಹತ್ತನೇ ಇನಿಂಗ್ಸ್, 5-3 ಮುನ್ನಡೆ. ಕಪ್ಪಿಗೆ ಬೇಕಾದದ್ದು ಇನ್ನೊಂದೇ ಒಂದು ಔಟ್. ಸಾಲಾಗಿ ಮೂರು ಹಿಟ್, ಒಂದು ದಿಕ್ಕು ತಪ್ಪಿದ ಎಸೆತ, ಸ್ಕೋರ್ 5-5! ಆಮೇಲೆ ನೆಲದ ಮೇಲೆ ಉರುಳಿ ಬಂದ ಚೆಂಡು ಬಿಲ್ ಬಕ್ನರ್ ಕಾಲುಗಳ ಮಧ್ಯೆ ನುಸುಳಿಹೋಯಿತು. ಆ ಪಂದ್ಯ ಸೋಲು. ಏಳನೆಯದರಲ್ಲೂ 3-0 ಮುನ್ನಡೆ ಕಳಕೊಂಡು ಸೋಲು.

ಆದರೆ ಟಿವಿ ವರ್ಷಗಟ್ಟಲೆ ತೋರಿಸಿದ್ದು ಆ ಕಾಲುಗಳನ್ನು ಮಾತ್ರ. ಬಕ್ನರ್‌ಗೆ ಪಾದದ ಕೀಲು ನೋವಿತ್ತು, ಆದರೂ ಮ್ಯಾನೇಜರ್ ಬದಲಿಸಲಿಲ್ಲ. ಸ್ಕೋರ್ ಅದಾಗಲೇ ಸಮ ಆಗಿತ್ತು. ಇದ್ಯಾವುದೂ ಕ್ಲಿಪ್‌ನಲ್ಲಿಲ್ಲ. ವೃತ್ತಿಯಲ್ಲಿ 2,715 ಹಿಟ್ ಹೊಡೆದ ಮನುಷ್ಯ ಒಂದು ಕ್ಲಿಪ್ ಆಗಿಹೋದ.

ನಾನು ಎಂಜಿನಿಯರಿಂಗ್ ಓದಿದವನು. ಸೇತುವೆ ಕುಸಿದರೆ ಕೊನೆಗೆ ಹತ್ತಿದ ಲಾರಿಯನ್ನಷ್ಟೇ ದೂರಬೇಡಿ, ಕಂಬ ನೋಡಿ ಅಂತ ಅಲ್ಲಿ ಕಲಿತೆ. ಸ್ಟುಡಿಯೋಗೆ ಬಂದ ಮೇಲೆ? ಲಾರಿಗೇ ಕೆಂಪು ವೃತ್ತ, ಸ್ಲೋ ಮೋಷನ್! ನಾನೂ ಹಾಕಿಸಿದ್ದೇನೆ ಸ್ವಾಮಿ.

2004ರಲ್ಲಿ ಸೆಮಿಫೈನಲ್‌ನಂಥ ಹಂತ. ಅದೇ ಯಾಂಕೀಸ್ ವಿರುದ್ಧ ಬಾಸ್ಟನ್ 0-3 ಹಿಂದೆ. ನಾಲ್ಕನೇ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ ಡೇವ್ ರಾಬರ್ಟ್ಸ್ ಕಣ್ತಪ್ಪಿಸಿ ಸೆಕೆಂಡ್ ಬೇಸ್‌ಗೆ ಓಡಿದ, ಸ್ಕೋರ್ ಸಮವಾಯಿತು. ಹನ್ನೆರಡನೆಯದರಲ್ಲಿ ಡೇವಿಡ್ ಒರ್ಟೀಜ್ ಹೋಮ್ ರನ್. ಅಲ್ಲಿಂದ ಸತತ ನಾಲ್ಕು ಗೆಲುವು, ಆಮೇಲೆ ಫೈನಲ್‌ನಲ್ಲಿ ಕಾರ್ಡಿನಲ್ಸ್ ಮೇಲೆ 4-0. 86 ವರ್ಷಗಳ ಬರ ಮುಗಿಯಿತು.

2008ರ ಏಪ್ರಿಲ್. ಫೆನ್‌ವೇ ಪಾರ್ಕ್‌ನಲ್ಲಿ ಮೊದಲ ಚೆಂಡು ಎಸೆಯಲು ಬಕ್ನರ್‌ನನ್ನೇ ಕರೆದರು. ಇಡೀ ಮೈದಾನ ಎದ್ದುನಿಂತು ಚಪ್ಪಾಳೆ ತಟ್ಟಿತು. ಆತ ಕಣ್ಣೊರೆಸಿಕೊಂಡ. ಆಮೇಲೆ ಹೇಳಿದ: ತಾನು ಮನಸ್ಸಿನಲ್ಲಿ ಕ್ಷಮಿಸಬೇಕಾಗಿದ್ದದ್ದು ಬಾಸ್ಟನ್ ಅಭಿಮಾನಿಗಳನ್ನಲ್ಲ, ಮಾಧ್ಯಮದವರನ್ನು ಅಂತ.

ಅಂದರೆ ನಮ್ಮನ್ನು. ಇವತ್ತು ಒಂದು ಕ್ಲಿಪ್ ಕಡಿಮೆ ತೋರಿಸೋಣ.