ತಿಂಗಳ ಬಿಲ್ಲುಗಳ ವರ್ತನೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಕುಮಾರವ್ಯಾಸನನ್ನು ಕುರಿತೋ ವಚನಕಾರರನ್ನು ಕುರಿತೋ ಮಾತು ನಡೆಯುವುದು ರೂಢಿ. ಇಂದು ವಿದ್ಯುತ್ ಬಿಲ್ಲನ್ನು ಕುರಿತು ಭಾಷಣವೆಂದರೆ ಕೆಲವರಿಗೆ ನಗು ಬರಬಹುದು. ಈ ವಿಷಯವನ್ನು ಏಕೆ ಆರಿಸಿಕೊಂಡೆವೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಕಳೆದ ಮಳೆಗಾಲದ ಒಂದು ಸಂಜೆ ಈ ವಾಚನಾಲಯದ ದೀಪ ಆರಿದುದು ತಮಗೆ ನೆನಪಿರಬಹುದು. ಅಕ್ಕಪಕ್ಕದ ಕೋಣೆಗಳಲ್ಲಿ ಬೆಳಕಿತ್ತು, ನಮ್ಮಲ್ಲಿ ಮಾತ್ರ ಕತ್ತಲೆ. ವಿಚಾರಿಸಲಾಗಿ ಬಿಲ್ಲು ಬಾಕಿಯೆಂದು ತಿಳಿಯಿತು. ಹಿಂದಿನ ಖಜಾಂಚಿಗಳು ಒಳ್ಳೆಯ ಮನಸ್ಸಿನಿಂದ ತಮ್ಮ ಸ್ವಂತ ಕಾರ್ಡಿನಿಂದಲೇ ಅದು ತಾನಾಗಿ ಸಂದಾಯವಾಗುವಂತೆ ಏರ್ಪಾಡು ಮಾಡಿದ್ದರು. ಕಾರ್ಡಿನ ಅವಧಿ ಮುಗಿಯಿತು, ಸಂದಾಯವೂ ನಿಂತಿತು. ವಿದ್ಯುತ್ತನ್ನು ಕಡಿಯುವ ಮುನ್ನ ೧೫ ದಿನಗಳ ಲಿಖಿತ ನೋಟೀಸು ಕೊಡಬೇಕೆಂದು ೨೦೦೩ರ ವಿದ್ಯುತ್ ಕಾಯಿದೆ ಹೇಳುತ್ತದೆ. ನೋಟೀಸು ಬಂದೇ ಇತ್ತು. ಹಳೆಯ ಪತ್ರಿಕೆಗಳ ರಾಶಿಯಲ್ಲಿ ಒಡೆಯದೆ ಬಿದ್ದಿತ್ತು. ತಪ್ಪು ನಮ್ಮದೇ.

ದೀಪ ಎರಡು ದಿನಗಳಲ್ಲಿ ಮರಳಿ ಬಂತು. ಆದರೆ ಅದೇ ವರ್ಷ ನಡೆದ ಇನ್ನೊಂದು ಸಂಗತಿಗೆ ಅಷ್ಟು ಸುಲಭವಾದ ಪರಿಹಾರ ಇರಲಿಲ್ಲ. ಇಪ್ಪತ್ತು ವರ್ಷ ತಪ್ಪದೆ ಇಲ್ಲಿಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಓದುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಮನೆಯ ಹಣದ ವ್ಯವಹಾರವೆಲ್ಲ ಅವರ ಫೋನಿನಲ್ಲಿ, ಅವರೊಬ್ಬರ ಹೆಸರಿನ ಖಾತೆಯಲ್ಲಿ ನಡೆಯುತ್ತಿತ್ತು. ಬ್ಯಾಂಕಿಗೆ ಸುದ್ದಿ ತಿಳಿಸಿದೊಡನೆ ನಿಯಮದಂತೆ ಖಾತೆಯ ವ್ಯವಹಾರ ನಿಂತಿತು. ಅನಿಲದ ಬಿಲ್ಲು, ಫೋನಿನ ಬಿಲ್ಲು ನಿಂತದ್ದು ಬೇಗನೆ ತಿಳಿಯಿತು. ಅವರ ಪತ್ನಿಯ ಆರೋಗ್ಯ ವಿಮೆಯ ಕಂತೂ ಅದೇ ಖಾತೆಯಿಂದ ಹೋಗುತ್ತಿತ್ತೆಂಬುದು ಮಾತ್ರ ಆ ತಾಯಿ ಆಸ್ಪತ್ರೆ ಸೇರಿದ ದಿನ ತಿಳಿಯಿತು. ಅಷ್ಟರೊಳಗೆ ವಿಮೆ ಬಿದ್ದುಹೋಗಿತ್ತು. ಆಸ್ಪತ್ರೆಯ ಖರ್ಚಿಗೆ ಅವರು ಬಳೆ ಮಾರಬೇಕಾಯಿತು. ಇದನ್ನು ಅವರ ಅನುಮತಿ ಪಡೆದೇ ಹೇಳುತ್ತಿದ್ದೇವೆ. ಇತರರಿಗಾದರೂ ತಿಳಿಯಲೆಂಬುದು ಅವರ ಮಾತು.

ಇಷ್ಟು ಪೀಠಿಕೆ ಸಾಕು. ವಿಷಯಕ್ಕೆ ಬರೋಣ.

ಊರಿನ ಹಾಲಿನ ವರ್ತನೆಯನ್ನು ನಾವಾರೂ ಮರೆತಿಲ್ಲ. ದಿನವೂ ಹಾಲು, ತಿಂಗಳ ಕೊನೆಗೆ ಲೆಕ್ಕ. ಹಣವನ್ನು ನಾವೇ ಎಣಿಸಿ ಹಾಲಿನವಳ ಕೈಗೆ ಕೊಡುವುದು ಒಂದು ಬಗೆ. ‘ಗೂಡಿನಲ್ಲಿ ಡಬ್ಬಿ ಇದೆ, ನಿನ್ನ ಲೆಕ್ಕ ನೀನೇ ತೆಗೆದುಕೋ’ ಎನ್ನುವುದು ಇನ್ನೊಂದು ಬಗೆ. ಇಂದು ಬ್ಯಾಂಕುಗಳು ಎಷ್ಟು ಹೆಸರು ಹೇಳಿದರೂ ಮೂಲದಲ್ಲಿ ಇರುವುದು ಇವೆರಡೇ. ಒಂದರಲ್ಲಿ ಕೊಡುವ ಕೈ ನಮ್ಮದು, ಇನ್ನೊಂದರಲ್ಲಿ ತೆಗೆದುಕೊಳ್ಳುವ ಕೈ ಅವರದು. ಯಾವ ಏರ್ಪಾಡಿಗೆ ಒಪ್ಪುವ ಮುನ್ನವೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇಲ್ಲಿ ಡಬ್ಬಿಗೆ ಕೈ ಹಾಕುವವರು ಯಾರು?

ಕೊಡುವ ಕೈ ನಮ್ಮದಾಗಿರುವ ದಾರಿಗಳು ಎರಡು. ಮೊದಲನೆಯದು, ಬಿಲ್ಲು ಬಂದಾಗ ನೋಡಿ ಕಟ್ಟುವುದು. ಇದಕ್ಕಾಗಿ ೨೦೧೬ರಲ್ಲಿ ಭಾರತ್ ಬಿಲ್ ಪೇಮೆಂಟ್ ಎಂಬ ವ್ಯವಸ್ಥೆ ಹುಟ್ಟಿತು. ೨೦೨೪ರಿಂದ ಅದಕ್ಕೆ ಭಾರತ್ ಕನೆಕ್ಟ್ ಎಂದು ಹೆಸರು. ವಿದ್ಯುತ್ತು, ಅನಿಲ, ನೀರು, ಫೋನು ಹೀಗೆ ಬೇರೆ ಬೇರೆ ಬಿಲ್ಲುಗಳನ್ನು ಒಂದೇ ಕಡೆ ಕಾಣಬಹುದು, ಮೊತ್ತ ಸರಿಯೆನಿಸಿದರೆ ಕಟ್ಟಬಹುದು. ಫೋನಿನ ಗೋಜು ಬೇಡವೆನ್ನುವವರು ಇದರ ಏಜೆಂಟರ ಅಂಗಡಿಯಲ್ಲಿ ನಗದು ಕೊಟ್ಟು ರಸೀದಿ ಪಡೆಯಲೂಬಹುದು. ಇದರಲ್ಲಿರುವ ಕೊರತೆ ಒಂದೇ: ನಾವು ಮರೆತರೆ ಬಿಲ್ಲು ನಿಂತಿತು.

ಎರಡನೆಯದು ಸ್ಥಾಯೀ ಸೂಚನೆ. ‘ಪ್ರತಿ ತಿಂಗಳು ೫ನೆಯ ತಾರೀಖು ಇಷ್ಟು ರೂಪಾಯಿ ಇಂಥ ಖಾತೆಗೆ ಕಳುಹಿಸಿರಿ’ ಎಂದು ನಮ್ಮ ಬ್ಯಾಂಕಿಗೆ ನಾವೇ ಕೊಡುವ ಕಾಯಂ ಅಪ್ಪಣೆ ಇದು. ಮನೆ ಬಾಡಿಗೆ, ಕಟ್ಟಡದ ಸೊಸೈಟಿಯ ಮಾಸಿಕ ವೆಚ್ಚ, ಊರಿನಲ್ಲಿರುವ ತಾಯಿತಂದೆಯರಿಗೆ ಕಳಿಸುವ ಹಣ ಇಂಥವಕ್ಕೆ ಇದು ಲಾಯಕ್ಕು. ಮೊತ್ತ ತಿಂಗಳಿಂದ ತಿಂಗಳಿಗೆ ಬದಲಾಗುವ ಬಿಲ್ಲಿಗೆ ಇದು ಒಗ್ಗದು.

ತೆಗೆದುಕೊಳ್ಳುವ ಕೈ ಅವರದಾಗಿರುವ ದಾರಿಗಳು ಮೂರು. ಒಂದು, ನಾಚ್ ಎಂಬ ಅಪ್ಪಣೆಪತ್ರ. ಹಿಂದೆ ಇದ್ದ ಇ.ಸಿ.ಎಸ್. ಎಂಬುದರ ಸ್ಥಾನದಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಇದನ್ನು ನಡೆಸುತ್ತದೆ. ಸಾಲದ ಕಂತು, ವಿಮೆಯ ಕಂತು, ಮ್ಯೂಚುಯಲ್ ಫಂಡಿನ ಕಂತು ಬಹುಮಟ್ಟಿಗೆ ಹೀಗೆಯೇ ಹೋಗುತ್ತವೆ. ಎರಡು, ೨೦೨೦ರಲ್ಲಿ ಬಂದ ಯು.ಪಿ.ಐ. ಆಟೋಪೇ. ಮೊದಲ ಸಲ ಗುಪ್ತಸಂಖ್ಯೆ ಒತ್ತಿ ಒಪ್ಪಿದರೆ ಮುಂದಿನವು ತಾವಾಗಿ ಸಲ್ಲುತ್ತವೆ. ಮೂರು, ಕಾರ್ಡಿನ ಮೇಲೆ ಕೊಡುವ ಅಪ್ಪಣೆ. ನಮ್ಮ ದೀಪ ಆರಿದ್ದು ಈ ಮೂರನೆಯದರಿಂದ. ಕಾರ್ಡು ಬದಲಾದರೆ ಸಾಮಾನ್ಯವಾಗಿ ಅಪ್ಪಣೆಯನ್ನು ಹೊಸದಾಗಿ ಕೊಡಬೇಕಾಗುತ್ತದೆ.

ಡಬ್ಬಿಯನ್ನು ತೆರೆದಿಟ್ಟೆವೆಂದು ಹೆದರಬೇಕಾಗಿಲ್ಲ, ಕಾವಲೂ ಉಂಟು. ಕಾರ್ಡು ಮತ್ತು ಯು.ಪಿ.ಐ. ಅಪ್ಪಣೆಗಳಿಗೆ ರಿಸರ್ವ್ ಬ್ಯಾಂಕು ಕಟ್ಟು ಹಾಕಿದೆ. ಹಣ ತೆಗೆಯುವುದಕ್ಕೆ ಕಡಮೆಯೆಂದರೆ ೨೪ ಗಂಟೆ ಮೊದಲು ನಮಗೆ ಸೂಚನೆ ಬರಬೇಕು. ಬೇಡವೆನಿಸಿದರೆ ಆಗ ತಡೆಯಬಹುದು. ಕಾರ್ಡುಗಳ ವಿಷಯದಲ್ಲಿ ಇದು ೨೦೨೧ರ ಅಕ್ಟೋಬರ್ ೧ರಿಂದ ಕಟ್ಟುನಿಟ್ಟಾಯಿತು. ಪ್ರತಿ ಸಲ ಮತ್ತೆ ಒಪ್ಪಿಗೆ ಕೇಳದೆ ತೆಗೆಯಬಹುದಾದ ಮೊತ್ತದ ಮಿತಿಯನ್ನು ೨೦೨೨ರ ಜೂನ್‌ನಲ್ಲಿ ೧೫,೦೦೦ ರೂಪಾಯಿಗೆ ಏರಿಸಲಾಯಿತು. ವಿಮೆಯ ಕಂತು, ಮ್ಯೂಚುಯಲ್ ಫಂಡು, ಕ್ರೆಡಿಟ್ ಕಾರ್ಡಿನ ಬಿಲ್ಲು ಇವುಗಳಿಗೆ ೨೦೨೩ರ ಡಿಸೆಂಬರ್‌ನಲ್ಲಿ ಅದು ಒಂದು ಲಕ್ಷವಾಯಿತು. ಆದುದರಿಂದ ಫೋನಿಗೆ ಬರುವ ಆ ಮುನ್ಸೂಚನೆಯನ್ನು ಜಾಹೀರಾತೆಂದು ಅಳಿಸಬಾರದು. ಆದರೆ ಅದರೊಳಗೆ ಕೊಂಡಿಯಿದ್ದು ‘ಒತ್ತಿರಿ’ ಎಂದರೆ ಒತ್ತಲೂ ಬಾರದು. ಬ್ಯಾಂಕಿನ ಆಪನ್ನೇ ತೆರೆದು ನೋಡುವುದು ಕ್ಷೇಮ.

ಅಪ್ಪಣೆಪತ್ರಕ್ಕೆ ಸಹಿ ಹಾಕುವಾಗ ಮೂರು ಸಾಲುಗಳನ್ನು ನಿಧಾನವಾಗಿ ಓದಬೇಕು. ಒಂದು ಗರಿಷ್ಠ ಮೊತ್ತ. ೧,೨೦೦ ರೂಪಾಯಿಯ ಬಿಲ್ಲಿಗೆ ೫೦,೦೦೦ದ ಮಿತಿ ಬರೆದಿದ್ದರೆ ಏಕೆಂದು ಕೇಳಬೇಕು. ಎರಡು, ಎಷ್ಟು ಸಲ ತೆಗೆಯಬಹುದು: ತಿಂಗಳಿಗೊಮ್ಮೆಯೋ, ಅವರು ಬೇಕೆಂದಾಗಲೆಲ್ಲವೋ. ಮೂರು, ಮುಗಿಯುವ ದಿನಾಂಕ. ಕ್ರೆಡಿಟ್ ಕಾರ್ಡಿನ ಬಿಲ್ಲಾದರೆ ಇನ್ನೊಂದು ಮಾತು. ‘ಕನಿಷ್ಠ ಬಾಕಿ’ ಎಂಬ ಮನೆಗೆ ಗುರುತು ಹಾಕಿದರೆ ಸಣ್ಣ ಪಾಲು ಮಾತ್ರ ಸಂದಾಯವಾಗಿ ಉಳಿದುದಕ್ಕೆ ಬಡ್ಡಿ ಏರುತ್ತ ಹೋಗುತ್ತದೆ. ಅನೇಕ ಕಾರ್ಡುಗಳಲ್ಲಿ ಈ ಬಡ್ಡಿ ತಿಂಗಳಿಗೆ ಶೇಕಡಾ ೩ಕ್ಕೂ ಮೇಲೆ. ‘ಪೂರ್ಣ ಬಾಕಿ’ ಎಂಬುದಕ್ಕೇ ಗುರುತಿರಲಿ.

ಖಾತೆಯಲ್ಲಿ ಹಣವಿಲ್ಲದೆ ಅಪ್ಪಣೆ ಹಿಂದಿರುಗಿದರೆ ಬ್ಯಾಂಕಿಗೂ ದಂಡ, ಬಿಲ್ಲಿನವರಿಗೂ ದಂಡ ತೆರಬೇಕಾಗಬಹುದು. ಚೆಕ್ಕು ಮರಳಿದಂತೆ ಇದಕ್ಕೂ ಕಾನೂನಿನ ಶಿಕ್ಷೆಯುಂಟು. ೨೦೦೭ರ ಪಾವತಿ ವ್ಯವಸ್ಥೆಗಳ ಕಾಯಿದೆಯ ೨೫ನೆಯ ಕಲಮು ಅದನ್ನು ಹೇಳುತ್ತದೆ. ಪಿಂಚಣಿ ೧ನೆಯ ತಾರೀಖಿಗೆ ಬರುವವರು ಕಂತುಗಳನ್ನು ೫ರಿಂದ ೧೦ರೊಳಗೆ ಇಟ್ಟುಕೊಳ್ಳುವುದು ಜಾಣತನ. ಅಪ್ಪಣೆಯನ್ನು ರದ್ದು ಮಾಡಿದ ಮಾತ್ರಕ್ಕೆ ಸಾಲ ರದ್ದಾಗದೆಂಬುದೂ ನೆನಪಿರಲಿ.

ಹಾಗಾದರೆ ಯಾವುದು ಒಳ್ಳೆಯದು? ನಮಗೆ ತೋರುವುದಿಷ್ಟು. ತಪ್ಪಿದರೆ ಮನೆ ಮುಳುಗುವಂಥವು, ಅಂದರೆ ವಿಮೆಯ ಕಂತು, ಸಾಲದ ಕಂತು ಇವು ತಾವಾಗಿ ಹೋಗಲಿ. ಮೊತ್ತ ಬದಲಾಗುವ ವಿದ್ಯುತ್ತು, ಅನಿಲ, ಫೋನುಗಳನ್ನು ಕಣ್ಣಿಟ್ಟು ನೋಡಿ ಕಟ್ಟೋಣ. ಕಣ್ಣು ಮಸುಕಾದವರು, ಆಗಾಗ ಊರಿಗೆ ಹೋಗುವವರು ಅವನ್ನೂ ತಾನಾಗಿ ಹೋಗುವಂತೆ ಮಾಡಿಕೊಂಡರೆ ತಪ್ಪಿಲ್ಲ. ಮಿತಿ ಮಾತ್ರ ಚಿಕ್ಕದಿರಲಿ.

ಆದರೆ ತಾನಾಗಿ ನಡೆಯುವುದಕ್ಕೆ ಒಂದು ದೋಷವುಂಟು. ಅದು ನಮಗೆ ಮರೆಯುವುದನ್ನು ಕಲಿಸುತ್ತದೆ. ನಾವು ಮರೆತದ್ದನ್ನು ಮನೆಯವರು ತಿಳಿದಿರುವುದಂತೂ ದೂರವೇ ಉಳಿಯಿತು. ಆ ತಾಯಿಗೆ ಬೇಕಾಗಿದ್ದುದು ಹೆಚ್ಚೇನಲ್ಲ, ಒಂದು ಹಾಳೆ. ವರ್ಷದ ಕಂತು ತಪ್ಪಿದರೂ ವಿಮೆಗೆ ೩೦ ದಿನಗಳ ರಿಯಾಯಿತಿ ಇರುತ್ತದೆ. ಕಂತು ಎಲ್ಲಿಂದ ಹೋಗುತ್ತಿತ್ತೆಂದು ಬರೆದಿದ್ದರೆ ಆ ೩೦ ದಿನಗಳು ಸಾಕಾಗುತ್ತಿದ್ದುವು.

ಆದುದರಿಂದ ನಮ್ಮ ಸೂಚನೆ ಹೀಗಿದೆ. ಬರುವ ತಿಂಗಳಿನಿಂದ ಮೊದಲ ಭಾನುವಾರ ಬೆಳಗ್ಗೆ ವಾಚನಾಲಯದ ದೊಡ್ಡ ಮೇಜಿನ ಬಳಿ ನಮ್ಮಲ್ಲಿ ಇಬ್ಬರು ಕೂತಿರುತ್ತೇವೆ. ಕನ್ನಡದಲ್ಲಿ ಅಚ್ಚು ಹಾಕಿದ ಹಾಳೆ ಕೊಡುತ್ತೇವೆ. ಯಾವ ಬಿಲ್ಲು, ಯಾವ ಖಾತೆಯಿಂದ, ಯಾವ ತಾರೀಖು, ಗರಿಷ್ಠ ಎಷ್ಟು, ಎಂದಿಗೆ ಮುಗಿಯುವುದು ಎಂಬ ಐದು ಕಲಮುಗಳಿವೆ. ಬ್ಯಾಂಕಿನ ಪತ್ರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇದ್ದು ತಿಳಿಯದಿದ್ದರೆ ಓದಿ ಹೇಳುತ್ತೇವೆ. ಗುಪ್ತಸಂಖ್ಯೆಯನ್ನು ಹಾಳೆಯಲ್ಲಿ ಬರೆಯಬಾರದು, ನಮಗೂ ಹೇಳಬಾರದು. ತುಂಬಿದ ಹಾಳೆ ತಮ್ಮ ಮನೆಯಲ್ಲೇ ಇರಲಿ, ಅದಿರುವ ಜಾಗ ಇನ್ನೊಬ್ಬರಿಗೆ ಗೊತ್ತಿರಲಿ. ಗಂಡಹೆಂಡಿರಲ್ಲಿ ಯಾರು ಉಳಿದರೂ ನಡೆಸಬಹುದಾದ ಜಂಟಿ ಖಾತೆಯಿಂದ ಬಿಲ್ಲುಗಳು ಹೋಗುವಂತಿದ್ದರೆ ಇನ್ನೂ ಉತ್ತಮ.

ಸಂಘದ ಹಾಳೆಯನ್ನು ನಾವು ಈಗಾಗಲೇ ತುಂಬಿದ್ದೇವೆ. ವಿದ್ಯುತ್ ಬಿಲ್ಲು ಈಗ ಸಂಘದ ಖಾತೆಯಿಂದಲೇ ಹೋಗುತ್ತಿದೆ. ಹಾಳೆ ಪತ್ರಿಕೆಗಳ ಕಪಾಟಿನ ಒಳಬಾಗಿಲಿಗೆ ಅಂಟಿದೆ. ಯಾರು ಬೇಕಾದರೂ ನೋಡಬಹುದು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಈಗ ಆ ತಾಯಿಯೇ ಬಂದು ಕೂರುತ್ತಾರೆ. ಮೊದಲ ಭಾನುವಾರ ಮೇಜಿನ ಬಳಿ ಕೂರುವ ಇಬ್ಬರಲ್ಲಿ ತಾವೂ ಒಬ್ಬರಾಗುವುದಾಗಿ ಅವರು ಒಪ್ಪಿದ್ದಾರೆ.