ನಿತ್ಯದ ನಡಿಗೆ, ನೆನಪು ಮತ್ತು ಮನಸ್ಸು

ವ್ಯಾಯಾಮವೆಂದರೆ ಮೈಕಟ್ಟು ಬೆಳೆಸುವ ಸಾಧನೆ, ಅದು ತರುಣರಿಗೆ ಮಾತ್ರ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ನಿತ್ಯದ ವ್ಯಾಯಾಮವು ನಡುವಯಸ್ಸಿನವರ ಹಾಗೂ ವೃದ್ಧರ ನೆನಪಿನ ಶಕ್ತಿಗೂ ಮನಸ್ಸಿನ ನೆಮ್ಮದಿಗೂ ನೆರವಾಗುತ್ತದೆಂದು ಸಂಶೋಧನೆಗಳು ತಿಳಿಸಿವೆ.

ಗುಜರಾತಿನ ದೊಡ್ಡ ನಗರಗಳಲ್ಲಿ ಕುಳಿತೇ ದುಡಿಯುವವರು ಅಸಂಖ್ಯ. ಸೂರತ್ತಿನ ವಜ್ರದ ಕುಶಲಕರ್ಮಿ ದಿನವಿಡೀ ಸಾಣೆಯ ಮುಂದೆ ಬಾಗಿ ಕುಳಿತಿರುತ್ತಾನೆ. ಅಹಮದಾಬಾದಿನ ಬಟ್ಟೆ ವ್ಯಾಪಾರಿ ಅಂಗಡಿಯಲ್ಲಿ, ವಡೋದರಾದ ಗುಮಾಸ್ತ ಮೇಜಿನ ಮುಂದೆ ದಿನ ಕಳೆಯುತ್ತಾರೆ. ಕಣ್ಣು, ಮನಸ್ಸುಗಳು ದಣಿಯುತ್ತವೆ. ಕಾಲುಗಳಿಗೆ ಮಾತ್ರ ಕೆಲಸವಿಲ್ಲ.

ಹೊಸ ಸಂಗತಿಗಳನ್ನು ನೆನಪಿನಲ್ಲಿ ನೆಲೆಗೊಳಿಸುವ ಮೆದುಳಿನ ಭಾಗಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರು. ವಯಸ್ಸಾದಂತೆ ಇದು ಕುಗ್ಗುತ್ತದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 120 ಮಂದಿ ಹಿರಿಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ಒಂದು ವರ್ಷ ಕಾಲ ವಾರಕ್ಕೆ ಮೂರು ದಿನ ನಡೆದರು. ನಡಿಗೆಯ ಅವಧಿಯನ್ನು ಕ್ರಮೇಣ 40 ನಿಮಿಷಕ್ಕೆ ಏರಿಸಲಾಯಿತು. ಅವರಲ್ಲಿ ಈ ಭಾಗದ ಗಾತ್ರ ಶೇಕಡಾ 2ರಷ್ಟು ಹೆಚ್ಚಿತು. ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು.

ಮನಸ್ಸಿನ ಮೇಲಿನ ಪರಿಣಾಮವೂ ಗಮನಾರ್ಹ. ನಿಯತ ವ್ಯಾಯಾಮದಿಂದ ನಿದ್ರೆ ಸುಧಾರಿಸುತ್ತದೆ. ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಖಿನ್ನತೆ ಸೋಮಾರಿತನವಲ್ಲ, ಅದೊಂದು ಕಾಯಿಲೆ. ವ್ಯಾಯಾಮವು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ದಿನನಿತ್ಯದ ವ್ಯವಹಾರಕ್ಕೆ ತೊಡಕಾಗುವಷ್ಟು ಮರೆವು ಅಥವಾ ಬಿಡದ ಬೇಸರ ಕಂಡುಬಂದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಉಚಿತ ಸಲಹೆ ಪಡೆಯಬಹುದು.

ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಇಷ್ಟಾಗುತ್ತದೆ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು. ಅದೇ ಹದವಾದ ವೇಗ. ಹೃದ್ರೋಗ, ಮಂಡಿನೋವು ಇರುವವರು ಮೊದಲೇ ವೈದ್ಯರ ಸಲಹೆ ಪಡೆಯತಕ್ಕದ್ದು. ಅಹಮದಾಬಾದಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವುದರಿಂದ ಮುಂಜಾನೆಯ ಹೊತ್ತೇ ಲೇಸು.

ನಡೆಯಲು ಸ್ಥಳಗಳಿಗೇನೂ ಕೊರತೆಯಿಲ್ಲ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯಿದೆ, ವಡೋದರಾದಲ್ಲಿ ಮಹಾರಾಜ ಸಯಾಜಿರಾವ್ 1879ರಲ್ಲಿ ನಿರ್ಮಿಸಿದ ಉದ್ಯಾನವಿದೆ, ಸೂರತ್ತಿನಲ್ಲಿ ತಾಪಿಯ ತೀರವಿದೆ. ಇದೇ ಸಾಬರಮತಿಯಿಂದ 1930ರಲ್ಲಿ, ತಮ್ಮ 60ನೆಯ ವಯಸ್ಸಿನಲ್ಲಿ, ಗಾಂಧೀಜಿ ದಂಡಿಗೆ ಸುಮಾರು 385 ಕಿಲೋಮೀಟರ್ ನಡೆದರು. ನಡಿಗೆ ಅವರಿಗೆ ನಿತ್ಯದ ರೂಢಿಯಾಗಿತ್ತು. ಮರೆವು ವಯಸ್ಸಿನ ಪಾಲೆಂದು ಕೈಕಟ್ಟಿ ಕೂರುವ ಬದಲು ದಿನಕ್ಕೆ ಅರ್ಧ ಗಂಟೆಯನ್ನು ಕಾಲುಗಳಿಗೆ ಮೀಸಲಿಡುವುದು ಎಲ್ಲರಿಗೂ ಶ್ರೇಯಸ್ಕರ.